ಪುಟ್ಟ ಡ್ಯುಯೆಟ್‌ಗೆ ಟೆಂಪೊ ಎಷ್ಟು, ಕೀ ಯಾವುದು, ಮೂಡ್ ಏನು? ಮೊದಲು ಎರಡನೆಯವರ ಪುಟ ನೋಡಿ

ನಾನು ಯಾವಾಗಲೂ ಎರಡನೇ ವಯಲಿನ್. ಡ್ಯುಯೆಟ್ ನುಡಿಸಲು ಕೂತರೆ ಮೇಲಿನ ಸಾಲು ಜೊತೆಗಾರರದ್ದು, ಕೆಳಗಿನ ಸಾಲು ನನ್ನದು. ಮೊದಮೊದಲು ಇದು ಬೇಜಾರಿನ ವಿಷಯವೇ ಆಗಿತ್ತು. ಚಂದದ ಟ್ಯೂನ್ ಎಲ್ಲ ಅವರಿಗೆ, ನನಗೆ ಬರೀ ಟಕ ಟಕ ಟಕ. ಆದರೆ ವರ್ಷಗಟ್ಟಲೆ ಆ ಟಕ ಟಕ ನುಡಿಸಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಟೆಂಪೊ (ವೇಗ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್) ಎಷ್ಟಿರಬೇಕು, ಕೀ (ಪೀಸ್ ಯಾವ ಮನೆ ಸ್ವರದ ಸುತ್ತ ತಿರುಗುತ್ತದೆ) ಯಾವುದು, ಮೂಡ್ ಎಂಥದ್ದು, ಈ ಮೂರು ಪ್ರಶ್ನೆಗೂ ಉತ್ತರ ಹೆಚ್ಚಾಗಿ ಬಚ್ಚಿಟ್ಟುಕೊಂಡಿರುವುದು ಕೆಳಗಿನ ಸಾಲಿನಲ್ಲೇ.

ಜನ ಮಾಡುವುದು ಉಲ್ಟಾ. ಮೇಲಿನ ಸಾಲಿನ ಮೊದಲ ನಾಲ್ಕು ಬಾರ್ (ಗೀಟಿನಿಂದ ಗೀಟಿನವರೆಗಿನ ಒಂದು ತುಂಡು ಒಂದು ಬಾರ್) ಗುನುಗಿಕೊಂಡು, ಅದು ಯಾವ ವೇಗದಲ್ಲಿ ಬಾಯಿಗೆ ಬಂತೋ ಅದೇ ಟೆಂಪೊ ಎಂದು ಶುರು ಮಾಡಿಬಿಡುತ್ತಾರೆ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡು ವಯಲಿನ್‌ಗೆ ಬರೆದ ಒಂದು ಪುಟದ ಡ್ಯುಯೆಟ್. 3/4 ತಾಳ, ಅಂದರೆ ಬಾರಿಗೆ ಮೂರು ಬೀಟ್, ಒಟ್ಟು 32 ಬಾರ್. ಶುರುವಿನಲ್ಲಿ ಎರಡು ಶಾರ್ಪ್ (ಸ್ವರವನ್ನು ಅರ್ಧ ಸ್ವರ ಏರಿಸುವ ಗುರುತು). ಮೇಲೆ ‘ಅಂಡಾಂಟೆ’ ಅಂತ ಒಂದೇ ಪದ. ಮೊದಲ ವಯಲಿನ್‌ಗೆ ಉದ್ದುದ್ದ ಸ್ವರಗಳು, ಎರಡನೆಯದಕ್ಕೆ ಬೀಟಿಗೆ ಎರಡರಂತೆ ಕ್ವೇವರ್‌ಗಳು. 21ನೇ ಬಾರಿನಲ್ಲಿ ಮಾತ್ರ ಎರಡನೆಯದಕ್ಕೆ ಬೀಟಿಗೆ ನಾಲ್ಕರಂತೆ ಸೆಮಿಕ್ವೇವರ್‌ಗಳ ಓಟ. ಇಂಥ ಪುಟವನ್ನು ನೀವೂ ಎಷ್ಟೋ ಸಲ ನೋಡಿರುತ್ತೀರಿ.

ಟೆಂಪೊ: ಮೇಲಿನ ಪದವನ್ನು ಪೂರ್ತಿ ನಂಬಬೇಡಿ

ಇಟಾಲಿಯನ್ ಪದಗಳು ಸ್ಪೀಡ್ ಹೇಳುತ್ತವೆ ಅಂತ ನಮಗೆಲ್ಲ ಕಲಿಸಿರುತ್ತಾರೆ. ಅರ್ಧ ಮಾತ್ರ ಸರಿ. ‘ಅಲೆಗ್ರೊ’ ಅಂದರೆ ಆ ಭಾಷೆಯಲ್ಲಿ ಖುಷಿಯಾಗಿ ಅಂತ. ‘ಅಂಡಾಂಟೆ’ ಅಂದರೆ ನಡೆಯುತ್ತಾ. ‘ಲಾರ್ಗೊ’ ಅಂದರೆ ಅಗಲವಾಗಿ, ‘ಗ್ರಾವೆ’ ಅಂದರೆ ಭಾರವಾಗಿ, ‘ವಿವಾಚೆ’ ಅಂದರೆ ಜೀವ ತುಂಬಿ. ನೋಡಿ, ಇದರಲ್ಲಿ ನಂಬರ್ ಎಲ್ಲೂ ಇಲ್ಲ. ಇವೆಲ್ಲ ಮೂಡ್ ಹೇಳುವ ಪದಗಳು, ಸ್ಪೀಡ್ ಆಮೇಲೆ ಅಂಟಿಕೊಂಡಿದ್ದು.

ನಂಬರ್ ಬಂದದ್ದು ತಡವಾಗಿ. ಮೆಲ್ಟ್ಸೆಲ್ ಎಂಬಾತ ಮೆಟ್ರೋನೋಮ್‌ಗೆ (ಟಿಕ್ ಟಿಕ್ ಅಂತ ಬೀಟ್ ಹೇಳುವ ಯಂತ್ರ) ಪೇಟೆಂಟ್ ಪಡೆದದ್ದು 1815ರಲ್ಲಿ. ಮೊಜಾರ್ಟ್ ತೀರಿಕೊಂಡದ್ದು 1791ರಲ್ಲಿ. ಹಾಗಾಗಿ ಮೊಜಾರ್ಟ್‌ನ ಡ್ಯುಯೆಟ್ ಪುಟದ ಮೇಲೆ ‘ಕ್ರಾಚೆಟ್ = 126’ (ಕ್ರಾಚೆಟ್ ಎಂಬ ಅಳತೆಯ ಸ್ವರ ನಿಮಿಷಕ್ಕೆ 126) ಅಂತ ಅಚ್ಚಾಗಿದ್ದರೆ ಅದು ಅವನದ್ದಲ್ಲ, ಆಮೇಲೆ ಪುಸ್ತಕ ಸಿದ್ಧಪಡಿಸಿದ ಯಾರದ್ದೋ ಅಭಿಪ್ರಾಯ. ಕೇಳಿಸಿಕೊಳ್ಳಿ, ಆದರೆ ಅದಕ್ಕೆ ಹೆದರಬೇಡಿ. ಅದಕ್ಕೂ ಮೊದಲು ಕ್ವಾಂಟ್ಸ್ ಎಂಬ ಕೊಳಲುವಾದಕ 1752ರಲ್ಲಿ ಇನ್ನೊಂದು ದಾರಿ ಹೇಳಿದ್ದ: ಆರೋಗ್ಯವಂತ ಮನುಷ್ಯನ ನಾಡಿ ಹಿಡಿದು ಲೆಕ್ಕ ಹಾಕಿ, ನಿಮಿಷಕ್ಕೆ ಸುಮಾರು 80. ನನಗೆ ಈ ಐಡಿಯಾ ಇವತ್ತಿಗೂ ಇಷ್ಟ. ನುಡಿಸುವ ಮೊದಲು ನಾಡಿ ನೋಡಿಕೊಂಡರೆ ಟೆಂಪೊ ಸಿಗುತ್ತದೋ ಇಲ್ಲವೋ, ನೀವೆಷ್ಟು ಟೆನ್ಶನ್‌ನಲ್ಲಿದ್ದೀರಿ ಅನ್ನುವುದಂತೂ ಗೊತ್ತಾಗುತ್ತದೆ.

ಈಗಿನ ಎಷ್ಟೋ ಮೆಟ್ರೋನೋಮ್‌ಗಳ ಮೇಲೆ ಅಂಡಾಂಟೆಗೆ 76ರಿಂದ 108 ಅಂತ ಬರೆದಿರುತ್ತದೆ. ಎಷ್ಟು ದೊಡ್ಡ ಜಾಗ ನೋಡಿ. 76ರಲ್ಲಿ ನುಡಿಸಿದರೆ ಜೋಗುಳ, 108ರಲ್ಲಿ ನುಡಿಸಿದರೆ ಅದೇ ಟ್ಯೂನ್ ಕುಣಿತ. ಹಾಗಾದರೆ ಈ ಜಾಗದಲ್ಲಿ ನಿಮ್ಮ ನಂಬರ್ ಯಾವುದು?

ಮೊದಲು ಅತಿ ಸಣ್ಣ ಸ್ವರಗಳನ್ನು ಹುಡುಕಿ. ನಮ್ಮ ಉದಾಹರಣೆಯಲ್ಲಿ ಅವು ಇರುವುದು 21ನೇ ಬಾರಿನಲ್ಲಿ, ಎರಡನೆಯವರ ಸಾಲಿನಲ್ಲಿ. ಲೆಕ್ಕ ಸುಲಭ. ಟೆಂಪೊ 96 ಆದರೆ ಬೀಟಿಗೆ ನಾಲ್ಕರಂತೆ ನಿಮಿಷಕ್ಕೆ 384 ಸ್ವರ, ಅಂದರೆ ಸೆಕೆಂಡಿಗೆ ಆರೂವರೆ ಹತ್ತಿರ. 80 ಆದರೆ ಸೆಕೆಂಡಿಗೆ ಐದೂ ಚಿಲ್ಲರೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ, ಕೈಗೆ ಗೊತ್ತು ಅದರ ಕಷ್ಟ. ಒಮ್ಮೆ ನಾನು ಮತ್ತು ನನ್ನ ಜೊತೆಗಾರರು ಇಂಥದ್ದೇ ಒಂದನ್ನು ಮೇಲಿನ ಸಾಲಿನ ಆರಾಮಕ್ಕೆ ತಕ್ಕಂತೆ 96ರಲ್ಲಿ ಶುರು ಮಾಡಿದೆವು. ಇಪ್ಪತ್ತು ಬಾರ್ ಸ್ವರ್ಗ. 21ನೆಯದರಲ್ಲಿ ನನ್ನ ಬೆರಳು ಒಂದು ಕಡೆ, ಕಮಾನು ಇನ್ನೊಂದು ಕಡೆ. ಅವರು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಪುಟದ ಮುಖ ನೋಡಿದೆ. ತಪ್ಪು ನನ್ನದೇ, ಶುರು ಮಾಡುವ ಮೊದಲೇ ‘ಸ್ವಲ್ಪ ತಡೀರಿ, ಈ ಬಾರ್ ಒಂದು ಸಲ ನುಡಿಸಿ ನೋಡ್ತೀನಿ’ ಅನ್ನಬೇಕಿತ್ತು.

ಅಂದಿನಿಂದ ನಮ್ಮ ನಿಯಮ ಇಷ್ಟೇ. ಶುರು ಮಾಡುವುದು ಮೊದಲ ಬಾರಿನಿಂದಲ್ಲ, ಅತಿ ಕಷ್ಟದ ಬಾರಿನಿಂದ. ಅದು ಚೊಕ್ಕವಾಗಿ, ಕೇಳಲು ಹಿತವಾಗಿ ಬರುವ ವೇಗ ಯಾವುದೋ ಅದು ಮೇಲಿನ ಗಡಿ. ‘ಚೊಕ್ಕವಾಗಿ’ ಅಂದರೆ ಒಂದು ಸಲ ಹೇಗೋ ಪಾರಾಗುವುದಲ್ಲ, ಮೂರು ಸಲ ಬಿಡದೆ ಸರಿ ಬರುವುದು.

ಕೆಳಗಿನ ಗಡಿ ಹೇಳುವುದು ಕಮಾನು. ಅತಿ ಉದ್ದದ ಸ್ಲರ್, ಅಂದರೆ ಒಂದೇ ಕಮಾನಿನಲ್ಲಿ ನುಡಿಸಬೇಕಾದ ಸ್ವರಗಳನ್ನು ಕೂಡಿಸುವ ಗೆರೆ, ಎಲ್ಲಿದೆ ನೋಡಿ. ಎರಡು ಬಾರ್ ಪೂರ್ತಿ ಒಂದೇ ಕಮಾನಿನಲ್ಲಿ ಅಂತ ಬರೆದಿದ್ದರೆ 3/4ರಲ್ಲಿ ಅದು ಆರು ಬೀಟ್. ಟೆಂಪೊ 60 ಆದರೆ ಆರು ಸೆಕೆಂಡ್, ಸಾಕಷ್ಟು ಆರಾಮ. 40ಕ್ಕೆ ಇಳಿಸಿದರೆ ಒಂಬತ್ತು ಸೆಕೆಂಡ್. ಮೆಲ್ಲಗೆ ನುಡಿಸುವುದಾದರೆ ಆಗಬಹುದು, ಅಲ್ಲಿ ಫೋರ್ಟೆ (ಜೋರಾಗಿ) ಅಂತ ಇದ್ದರೆ ಧ್ವನಿ ತೆಳುವಾಗಿ ಅರ್ಧಕ್ಕೇ ಉಸಿರು ಕಟ್ಟುತ್ತದೆ. ಸ್ಲರ್ ಒಡೆದು ಎರಡು ಕಮಾನು ಮಾಡಿಕೊಳ್ಳುವುದು ತಪ್ಪೇನಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಪುಟದ ತುಂಬಾ ಒಡೆಯಬೇಕಾಗಿ ಬಂದರೆ ನೀವು ಜಾಸ್ತಿ ನಿಧಾನ ಇದ್ದೀರಿ ಅಂತಲೇ ಅರ್ಥ.

ಇವೆರಡರ ಮಧ್ಯೆ ಸರಿಯಾದ ಜಾಗ ತೋರಿಸುವುದು ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕೆಳಗಿನ ಸಾಲಿನಲ್ಲಿ ಸ್ವರಗಳ ಗುಂಪು, ಅಂದರೆ ಹಾರ್ಮನಿ, ಎಷ್ಟು ಸಲ ಬದಲಾಗುತ್ತದೆ ಅನ್ನುವುದು. ಎರಡನೇ ವಯಲಿನ್ ಇಡೀ ಬಾರ್ ಡಿ, ಎಫ್ ಶಾರ್ಪ್, ಎ ಸುತ್ತಲೇ ಸುತ್ತುತ್ತಾ ಮುಂದಿನ ಬಾರಿನಲ್ಲಷ್ಟೇ ಬೇರೆ ಗುಂಪಿಗೆ ಹೋಗುತ್ತಿದ್ದರೆ, ಆ ಸಂಗೀತಕ್ಕೆ ಬಾರಿಗೆ ಒಂದೇ ದೊಡ್ಡ ಹೆಜ್ಜೆ. ಅದನ್ನು ನಿಧಾನ ಮಾಡಿ ‘ಒಂದು, ಎರಡು, ಮೂರು’ ಅಂತ ಒತ್ತಿ ನುಡಿಸಿದರೆ ಕೆಸರಿನಲ್ಲಿ ನಡೆದ ಹಾಗೆ ಕೇಳುತ್ತದೆ. ಅದೇ ಪ್ರತಿ ಬೀಟಿಗೂ ಗುಂಪು ಬದಲಾಗುತ್ತಿದ್ದರೆ ಕೇಳುವ ಕಿವಿಗೆ ಪ್ರತಿಯೊಂದನ್ನೂ ಹಿಡಿಯಲು ಸಮಯ ಬೇಕು, ಓಡಿಸಿದರೆ ಕಲಸು ಮೇಲೋಗರ. ನಮ್ಮ ಉದಾಹರಣೆಯಲ್ಲಿ ಮೊದಲ 16 ಬಾರಿನಲ್ಲಿ ಬಾರಿಗೊಮ್ಮೆ ಬದಲಾವಣೆ, 17ರಿಂದ 24ರವರೆಗೆ ಬೀಟಿಗೊಮ್ಮೆ ಅಂದುಕೊಳ್ಳಿ. ಮೊದಲ ಭಾಗ ಹಗುರವಾಗಿ ಹೋಗಲಿ ಅನ್ನುತ್ತದೆ, ಮಧ್ಯದ ಭಾಗ ತಡಿ ಅನ್ನುತ್ತದೆ. ಎರಡಕ್ಕೂ ಒಪ್ಪುವ ಒಂದು ನಂಬರ್ ಹುಡುಕಬೇಕು. ನಾನಾದರೆ 80 ಹಿಡಿಯುತ್ತೇನೆ.

ಎಣಿಸುವುದು ಯಾವುದನ್ನು ಅನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ. ತಾಳದ ಜಾಗದಲ್ಲಿರುವ ಸಿ ಅಕ್ಷರವನ್ನು ಉದ್ದಗೀಟು ಸೀಳಿದ್ದರೆ ಬಾರಿಗೆ ನಾಲ್ಕಲ್ಲ, ಎರಡು. 6/8 ಅನ್ನು ಓಡುವ ಟೆಂಪೊದಲ್ಲಿ ಎರಡಾಗಿ ಎಣಿಸಿ. ಬಾಖ್ ಎರಡು ವಯಲಿನ್‌ಗೆ ಬರೆದ ಡಿ ಮೈನರ್ ಕಾನ್ಸರ್ಟೊದ ನಿಧಾನದ ಭಾಗ 12/8ರಲ್ಲಿದೆ, ಮೇಲೆ ‘ಲಾರ್ಗೊ ಮಾ ನಾನ್ ಟಾಂಟೊ’ ಅಂತಿದೆ. ಲಾರ್ಗೊ ಹೌದು, ಆದರೆ ಅತಿ ಬೇಡ ಅಂತ. ಅದನ್ನು ಹನ್ನೆರಡಾಗಿ ಎಣಿಸುತ್ತಾ ಕೂತರೆ ‘ಅತಿ’ ಆಗೇ ಆಗುತ್ತದೆ. ಬಾರಿಗೆ ನಾಲ್ಕು ತೂಗು ಅಂದುಕೊಂಡರೆ ತಾನಾಗಿ ಸರಿಹೋಗುತ್ತದೆ.

ನುಡಿಸುವ ಕೋಣೆಯೂ ಟೆಂಪೊ ಹೇಳುತ್ತದೆ. ಧ್ವನಿ ಗುಂಯ್ಗುಡುವ ದೊಡ್ಡ ಹಾಲ್‌ನಲ್ಲಿ ನಾಲ್ಕಾರು ಅಂಕಿ ಇಳಿಸಿ. ಪರದೆ, ಸೋಫಾ ತುಂಬಿದ ಕೋಣೆಯಲ್ಲಿ ಧ್ವನಿ ತಕ್ಷಣ ಸಾಯುತ್ತದೆ, ಅಲ್ಲಿ ಸ್ವಲ್ಪ ಏರಿಸಬಹುದು.

ಇನ್ನು ಮೆಟ್ರೋನೋಮ್. ಅದನ್ನು ಪೂರ್ತಿ ಹೊತ್ತು ಹಾಕಿಕೊಂಡು ನುಡಿಸುವುದು ನನಗೆ ಸರಿಬರುವುದಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಕೇಳುವುದು ಬಿಟ್ಟು ಆ ಡಬ್ಬಿಯನ್ನೇ ಕೇಳುತ್ತಾ ಕೂರುತ್ತೀರಿ. ಎರಡು ಬಾರ್ ಕೇಳಿಸಿಕೊಂಡು ಆಫ್ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಸ್ಟಾಪ್‌ವಾಚ್ ಹಿಡಿದು ಮೊದಲ ಎಂಟು ಬಾರ್ ಎಷ್ಟು ಹೊತ್ತು, ಕೊನೆಯ ಎಂಟು ಬಾರ್ ಎಷ್ಟು ಹೊತ್ತು ಅಂತ ನೋಡಿ. 3/4ರಲ್ಲಿ ಎಂಟು ಬಾರ್ ಅಂದರೆ 24 ಬೀಟ್, 80ರಲ್ಲಿ ಸರಿಯಾಗಿ 18 ಸೆಕೆಂಡ್. ನಮ್ಮದು ಒಂದು ಸಲ ಶುರುವಿನಲ್ಲಿ 18 ಇತ್ತು, ಕೊನೆಯಲ್ಲಿ 16. ಅಂದರೆ 80ರಲ್ಲಿ ಹೊರಟು 90ಕ್ಕೆ ತಲುಪಿದ್ದೆವು. ಇಬ್ಬರಿಗೂ ಆಣೆ ಮಾಡಿ ಹೇಳುವಷ್ಟು ನಂಬಿಕೆ ಇತ್ತು, ನಾವು ಒಂದೇ ವೇಗದಲ್ಲಿದ್ದೆವು ಅಂತ. ಓಡಿಸಿದ್ದು ಯಾರು? ಮತ್ತೆ ಕೇಳಿದರೆ ಟಕ ಟಕ ಸಾಲು, ಅಂದರೆ ನಾನೇ. ಉದ್ದ ಸ್ವರ ಹಿಡಿದವರು ಓಡಿಸಲಾರರು, ಓಡಿಸುವವರು ಯಾವಾಗಲೂ ಸಣ್ಣ ಸ್ವರದವರು. ಹಾಗಾಗಿ ಟೆಂಪೊ ಕಾಯುವ ಜವಾಬ್ದಾರಿಯೂ ಅವರದ್ದೇ ಆಗಬೇಕು.

ಕೀ: ಹಾಡಿನ ಮನೆ ಎಲ್ಲಿದೆ

ಎರಡು ಶಾರ್ಪ್ ಅಂದರೆ ಡಿ ಮೇಜರ್ ಇರಬಹುದು, ಇಲ್ಲವೇ ಬಿ ಮೈನರ್ (ಮೇಜರ್, ಮೈನರ್ ಅನ್ನುವುದು ಎರಡು ಬಗೆಯ ಸ್ಕೇಲ್, ಅಂದರೆ ಸ್ವರಗಳ ಏಣಿ). ಯಾವುದು ಅಂತ ತಿಳಿಯಲು ಮೇಲಿನ ಸಾಲು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ಬಾರಿಗೆ ಹೋಗಿ, ಕೆಳಗಿನ ಸಾಲಿನ ಕೊನೆಯ ಸ್ವರ ನೋಡಿ. ಸಾಮಾನ್ಯವಾಗಿ ಅದೇ ಮನೆ ಸ್ವರ, ಈ ಪೀಸ್‌ನ ಷಡ್ಜ ಅಂತಲೇ ಅನ್ನಿ. ಡಿ ಇದ್ದರೆ ಡಿ ಮೇಜರ್. ಬಿ ಇದ್ದು, ಮಧ್ಯೆ ಅಲ್ಲಲ್ಲಿ ಎ ಶಾರ್ಪ್ ಇಣುಕುತ್ತಿದ್ದರೆ ಬಿ ಮೈನರ್.

ಆಮೇಲೆ ಶುರುವಿನಲ್ಲಿ ಇಲ್ಲದ ಶಾರ್ಪ್, ಫ್ಲ್ಯಾಟ್ (ಅರ್ಧ ಸ್ವರ ಇಳಿಸುವುದು), ನ್ಯಾಚುರಲ್ (ಅವೆರಡನ್ನೂ ರದ್ದು ಮಾಡುವುದು) ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಡಿ ಮೇಜರ್ ಪೀಸ್‌ನಲ್ಲಿ ಜಿ ಶಾರ್ಪ್ ಪದೇಪದೇ ಬಂದರೆ ಅದು ಎ ಕಡೆಗೆ ಹೊರಟಿದೆ. ಸಿ ನ್ಯಾಚುರಲ್ ಬಂದರೆ ಜಿ ಕಡೆಗೆ. ನಮ್ಮ 21ನೇ ಬಾರಿನ ಆ ಓಟದಲ್ಲಿ ಎ ಶಾರ್ಪ್ ಇದೆ, ಅಂದರೆ 17ರಿಂದ 24ರವರೆಗಿನ ಭಾಗ ಬಿ ಮೈನರ್‌ಗೆ ಹೋಗಿ ಬರುತ್ತದೆ. ಮೇಲಿನ ಸಾಲಿನವರಿಗೆ ಆ ಎ ಶಾರ್ಪ್ ಪುಟದಲ್ಲಿ ಕಾಣಿಸುವುದೇ ಇಲ್ಲ! ತಮ್ಮ ಪಾಡಿಗೆ ತಾವು ಡಿ, ಎಫ್ ಶಾರ್ಪ್ ಅಂತ ಖುಷಿಯಾಗಿ ನುಡಿಸುತ್ತಿರುತ್ತಾರೆ, ಕೆಳಗೆ ನೆಲವೇ ಬದಲಾಗಿರುತ್ತದೆ. ಇಬ್ಬರೂ ಒಂದೊಂದೇ ಪುಟ ಹಿಡಿಯುವ ಬದಲು ಎರಡೂ ಸಾಲು ಇರುವ ಸ್ಕೋರ್ ನೋಡಿ ಅಂತ ನಾನು ಗೋಗರೆಯುವುದು ಇದಕ್ಕೇ.

ಕೀ ಯಾಕೆ ಮುಖ್ಯ? ಪಿಯಾನೊದವರಿಗೆ ಹೇಗೋ ಗೊತ್ತಿಲ್ಲ, ತಂತಿ ವಾದ್ಯದವರಿಗೆ ಕಾರಣ ಕಣ್ಣೆದುರೇ ಇದೆ. ವಯಲಿನ್‌ನ ಖಾಲಿ, ಅಂದರೆ ಬೆರಳಿಡದ, ತಂತಿಗಳು ಜಿ, ಡಿ, ಎ, ಇ. ವಯಲಿನ್‌ಗಿಂತ ಸ್ವಲ್ಪ ದೊಡ್ಡದಾದ ವಯೋಲದ್ದು ಸಿ, ಜಿ, ಡಿ, ಎ. ಚೆಲ್ಲೊದ್ದೂ ಅವೇ, ಒಂದು ಸ್ಥಾಯಿ ಕೆಳಗೆ. ಒಂದು ಸಣ್ಣ ಪ್ರಯೋಗ ಮಾಡಿ. ವಯಲಿನ್‌ನ ಎ ತಂತಿಯ ಮೇಲೆ ಮೂರನೇ ಬೆರಳಿಟ್ಟು ಡಿ ನುಡಿಸಿ, ತಟ್ಟನೆ ಕಮಾನು ಎತ್ತಿ. ಪಕ್ಕದ ಡಿ ತಂತಿ, ನೀವು ಮುಟ್ಟೇ ಇಲ್ಲದ್ದು, ತಾನೇ ಗುನುಗುತ್ತಿರುತ್ತದೆ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೆ ಗುನುಗು ನಿಂತುಹೋಗುತ್ತದೆ. ಡಿ ಮೇಜರ್‌ನಲ್ಲಿ ವಯಲಿನ್‌ನ ನಾಲ್ಕೂ ಖಾಲಿ ತಂತಿಗಳು ಸ್ಕೇಲ್‌ನೊಳಗೇ ಇವೆ, ಎರಡು ವಯಲಿನ್ ಸೇರಿದರೆ ಇಂಥ ಎಂಟು ತಂತಿ. ಪುಟ್ಟ ಡ್ಯುಯೆಟ್‌ಗೆ ಅಷ್ಟು ತುಂಬಿದ ಸದ್ದು ಬರುವುದು ಇದರಿಂದ. ಅದೇ ಎ ಫ್ಲ್ಯಾಟ್ ಮೇಜರ್‌ಗೆ ಹೋದರೆ ಸ್ಕೇಲ್‌ನೊಳಗೆ ಉಳಿಯುವ ಖಾಲಿ ತಂತಿ ಜಿ ಒಂದೇ. ಡಿ ಫ್ಲ್ಯಾಟ್ ಮೇಜರ್‌ನಲ್ಲಿ ಒಂದೂ ಇಲ್ಲ. ಸದ್ದಿಗೆ ಬಟ್ಟೆ ಹೊದಿಸಿದ ಹಾಗೆ.

ಮೊಜಾರ್ಟ್ 1783ರಲ್ಲಿ ವಯಲಿನ್ ಮತ್ತು ವಯೋಲಕ್ಕೆ ಬರೆದ ಎರಡು ಡ್ಯುಯೆಟ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಕೆ. 423 (ಕೆ. ಅಂದರೆ ಮೊಜಾರ್ಟ್ ಕೃತಿಗಳ ಪಟ್ಟಿಯ ನಂಬರ್) ಜಿ ಮೇಜರ್‌ನಲ್ಲಿದೆ, ಮನೆ ಸ್ವರ ಜಿ, ಅದರ ಐದನೆಯದು ಡಿ, ಎರಡೂ ಎರಡೂ ವಾದ್ಯದಲ್ಲಿ ಖಾಲಿ ತಂತಿ. ಕೆ. 424 ಬಿ ಫ್ಲ್ಯಾಟ್ ಮೇಜರ್. ಅಲ್ಲಿ ಬಿ ಫ್ಲ್ಯಾಟ್ ಮತ್ತು ಎಫ್ ಎರಡನ್ನೂ ಬೆರಳಿಟ್ಟೇ ಹುಟ್ಟಿಸಬೇಕು. ಒಂದು ಕಿಟಕಿ ತೆರೆದ ಕೋಣೆ, ಇನ್ನೊಂದು ದೀಪ ಹಚ್ಚಿದ ಕೋಣೆ ಅಂತ ನನಗೆ ಅನ್ನಿಸುತ್ತದೆ. ಅಂದಹಾಗೆ ಈ ಎರಡರಲ್ಲಿ ವಯೋಲದವರು ಬರೀ ಟಕ ಟಕ ಅಲ್ಲ, ವಯಲಿನ್‌ನಷ್ಟೇ ಮಾತಾಡುತ್ತಾರೆ. ನನ್ನ ಥರದವರಿಗೆ ಹಬ್ಬ.

ಹಳೆಯ ಕಾಲದಲ್ಲಿ ಇಂಥ ಕೀ ಅಂದರೆ ಇಂಥ ಭಾವ ಅಂತ ಪಟ್ಟಿ ಮಾಡಿದವರಿದ್ದಾರೆ. ಶೂಬಾರ್ಟ್ ಎಂಬಾತನ ಪಟ್ಟಿಯಲ್ಲಿ ಡಿ ಮೇಜರ್ ಅಂದರೆ ವಿಜಯೋತ್ಸವ. ಓದಲು ಮಜಾ ಇರುತ್ತದೆ, ನುಡಿಸಲು ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಆಗ ಪಿಚ್, ಅಂದರೆ ಶ್ರುತಿಯ ಎತ್ತರ, ಊರಿಂದ ಊರಿಗೆ ಬೇರೆ ಇತ್ತು, ಅವರ ಡಿ ನಮ್ಮ ಡಿ ಅಲ್ಲ. ಖಾಲಿ ತಂತಿಯ ಲೆಕ್ಕ ಮಾತ್ರ ಯಾವ ಪಿಚ್‌ಗೂ ಬದಲಾಗುವುದಿಲ್ಲ.

ಮೂರನೇ ಸ್ವರ ಯಾರ ಕೈಯಲ್ಲಿದೆ?

ಡ್ಯುಯೆಟ್‌ನಲ್ಲಿ ಹೆಚ್ಚಾಗಿ ಒಂದು ಕ್ಷಣಕ್ಕೆ ಇರುವುದು ಎರಡೇ ಸ್ವರ. ಡಿ ಮತ್ತು ಎ ಮಾತ್ರ ಕೇಳಿದರೆ ಅದು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ, ಬರೀ ಬಯಲು. ಎಫ್ ಶಾರ್ಪ್ ಬಂದರೆ ಮೇಜರ್, ಎಫ್ ಬಂದರೆ ಮೈನರ್. ಈ ಮೂರನೇ ಸ್ವರ (ಡಿಯಿಂದ ಎಣಿಸಿದರೆ ಮೂರನೆಯದು) ಯಾರ ಹತ್ತಿರ ಇದೆಯೋ ಆ ಕ್ಷಣದ ಬಣ್ಣ ಅವರ ಬೆರಳ ತುದಿಯಲ್ಲಿದೆ. ನಾವು ಸ್ಕೋರ್‌ನಲ್ಲಿ ಮುಖ್ಯವಾದ ಜಾಗಗಳಲ್ಲಿ ಮೂರನೆಯದಕ್ಕೆ ಸಣ್ಣ ಸುತ್ತು ಹಾಕಿಕೊಳ್ಳುತ್ತೇವೆ. ಸುತ್ತು ಯಾರ ಸಾಲಿನಲ್ಲಿದೆಯೋ ಅವರು ಶ್ರುತಿ ಸರಿಮಾಡಿಕೊಳ್ಳಬೇಕು, ಇನ್ನೊಬ್ಬರು ಅಲುಗಾಡದೆ ನಿಲ್ಲಬೇಕು. ಇಬ್ಬರೂ ಒಟ್ಟಿಗೆ ಸರಿಮಾಡಲು ಹೋದರೆ ಕಾಲುದಾರಿಯಲ್ಲಿ ಎದುರುಬದುರಾದವರು ಇಬ್ಬರೂ ಒಂದೇ ಕಡೆ ಸರಿದ ಹಾಗೆ.

ಎಷ್ಟು ಸರಿಮಾಡಬೇಕು ಅನ್ನುವುದಕ್ಕೆ ಒಂದು ಅದ್ಭುತ ಸಾಧನ ಇದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಬ್ಬರು ಖಾಲಿ ಎ ನುಡಿಸಿ, ಅಂದರೆ ಸೆಕೆಂಡಿಗೆ 440 ಕಂಪನ. ಇನ್ನೊಬ್ಬರು ಅದರ ಮೇಲಿನ ಸಿ ಶಾರ್ಪ್ ನುಡಿಸಲಿ, ಗಟ್ಟಿಯಾಗಿ, ವೈಬ್ರಾಟೊ (ಬೆರಳು ಅಲುಗಿಸಿ ಸ್ವರ ನಡುಗಿಸುವುದು) ಇಲ್ಲದೆ. ಸಿ ಶಾರ್ಪ್ ಸರಿಯಾಗಿ 550ಕ್ಕೆ ಕೂತಾಗ ಎರಡರ ವ್ಯತ್ಯಾಸ 110, ಅಂದರೆ ಎರಡು ಸ್ಥಾಯಿ ಕೆಳಗಿನ ಎ. ಯಾರೂ ನುಡಿಸದ ಆ ಮಂದ್ರದ ಎ ಕಿವಿಯೊಳಗೆ ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಟಾರ್ಟಿನಿ ಎಂಬ ಪಿಟೀಲುವಾದಕ ಇದನ್ನು 18ನೇ ಶತಮಾನದಲ್ಲೇ ಗಮನಿಸಿ ಶ್ರುತಿ ನೋಡಲು ಬಳಸಿದ್ದ, ಅದಕ್ಕೇ ಇವತ್ತಿಗೂ ಟಾರ್ಟಿನಿ ಟೋನ್ ಅನ್ನುತ್ತಾರೆ. ಪಿಯಾನೊದ ಸಿ ಶಾರ್ಪ್ ಸುಮಾರು 554. ಅದನ್ನೇ ಹಿಡಿದರೆ ವ್ಯತ್ಯಾಸ 114 ಆಗಿ, ದುಂಬಿ ಎ ಬಿಟ್ಟು ಮೇಲಕ್ಕೆ ಹಾರಿ ಅಪಸ್ವರವಾಗುತ್ತದೆ. ಟ್ಯೂನರ್ ಆ್ಯಪ್‌ನಲ್ಲಿ ಹಸಿರು ದೀಪ ಬಂದರೂ ಡ್ಯುಯೆಟ್ ಹುಳಿಯಾಗಿ ಕೇಳುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಇನ್ನೂ ಒಂದು ಬಲೆ ಇದೆ. ಡಿ ತಂತಿಯ ಮೇಲೆ ಮೊದಲ ಬೆರಳಿನ ಇ. ಅದನ್ನು ಜೊತೆಗಾರರ ಖಾಲಿ ಎ ಜೊತೆ ಕೂಡಿಸಿ ಶುದ್ಧವಾಗಿ ನಿಲ್ಲಿಸಿ. ಬೆರಳು ಅಲುಗಿಸಬೇಡಿ. ಈಗ ಅವರು ಎ ಬಿಟ್ಟು ಖಾಲಿ ಜಿ ನುಡಿಸಲಿ. ನಿಮ್ಮ ಇ ಈಗ ಎದ್ದು ಕಾಣುವಷ್ಟು ಮೇಲಿರುತ್ತದೆ. ತಪ್ಪು ನಿಮ್ಮದಲ್ಲ, ಜೊತೆಗಾರರದ್ದೂ ಅಲ್ಲ. ಐದನೆಯ ಸ್ವರಗಳನ್ನು ಶುದ್ಧವಾಗಿ ಶ್ರುತಿ ಮಾಡಿದ ತಂತಿಗಳಲ್ಲಿ ಈ ಎರಡು ಇ ಮಧ್ಯೆ ಸುಮಾರು 22 ಸೆಂಟ್ ಅಂತರ ಇದ್ದೇ ಇರುತ್ತದೆ, ಅಂದರೆ ಅರ್ಧ ಸ್ವರದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬೆರಳನ್ನು ಒಂದಿಷ್ಟು ಹಿಂದಕ್ಕೆ ಉರುಳಿಸಬೇಕು, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟು ಜೋಡಿಗಳು ‘ನೀವು ಮೇಲಿದ್ದೀರಿ’, ‘ಇಲ್ಲ ನೀವೇ ಕೆಳಗಿದ್ದೀರಿ’ ಅಂತ ಮುಖ ಊದಿಸಿಕೊಂಡಿವೆಯೋ.

ಮೂಡ್: ವಿಶೇಷಣ ಬಿಡಿ, ಕ್ರಿಯಾಪದ ಹಿಡಿಯಿರಿ

ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಅನ್ನುವ ಪಾಠವನ್ನು ಮೊದಲು ಮರೆಯಿರಿ. ಮೇಲೆ ಹೇಳಿದ ಬಾಖ್‌ನ ಕಾನ್ಸರ್ಟೊ ಡಿ ಮೈನರ್. ಅದರ ಮೊದಲ ಭಾಗ ವಿವಾಚೆ, ದುಃಖ ಎಲ್ಲಿಂದ ಬರಬೇಕು, ಅದು ಹಟ ಹಿಡಿದು ಓಡುತ್ತದೆ. ಎದೆ ಹಿಂಡುವುದು ಮಧ್ಯದ ಲಾರ್ಗೊ. ಅದು ಇರುವುದು ಎಫ್ ಮೇಜರ್‌ನಲ್ಲಿ. ಒಂದು ವಯಲಿನ್ ಸ್ವರ ಹಿಡಿದು ನಿಂತಿರುವಾಗ ಇನ್ನೊಂದು ಬಂದು ಅದಕ್ಕೆ ಒರಗುತ್ತದೆ, ಎರಡೂ ತಾಗಿ ಉಜ್ಜಿ, ಆಮೇಲೆ ಒಂದು ಮೆಲ್ಲಗೆ ಇಳಿದು ದಾರಿ ಬಿಡುತ್ತದೆ. ನೋವು ಇರುವುದು ಆ ಉಜ್ಜುವಿಕೆಯಲ್ಲಿ.

ಹಾಗಾಗಿ ನಿಮ್ಮ ಪುಟದಲ್ಲೂ ಎರಡು ಸಾಲು ತಾಗುವ ಜಾಗ ಹುಡುಕಿ. ಪಕ್ಕಪಕ್ಕದ ಸ್ವರಗಳು, ಡಿ ಮತ್ತು ಇ ಥರ, ಒಟ್ಟಿಗೆ ನಿಲ್ಲುವ ಕಡೆ. ಅಲ್ಲಿ ಕಮಾನಿಗೆ ಸ್ವಲ್ಪ ತೂಕ ಕೊಡಿ, ಬಿಡಿಸಿಕೊಂಡ ಮುಂದಿನ ಸ್ವರದಲ್ಲಿ ತೂಕ ತೆಗೆಯಿರಿ. ಜನ ಇದನ್ನು ಉಲ್ಟಾ ಮಾಡುತ್ತಾರೆ, ತಾಗುವ ಸ್ವರ ಕೇಳಿ ತಾವೇ ತಪ್ಪು ನುಡಿಸಿದೆವು ಅಂತ ಗಾಬರಿಯಾಗಿ ಮೆತ್ತಗಾಗಿಬಿಡುತ್ತಾರೆ.

ಆಮೇಲೆ ಮೂಡ್‌ಗೆ ಹೆಸರಿಡುವ ವಿಷಯ. ‘ಮಧುರವಾಗಿ’, ‘ಭಾವಪೂರ್ಣವಾಗಿ’ ಅಂತ ಬರೆದುಕೊಂಡರೆ ಕೈಗೆ ಏನೂ ಸಿಗುವುದಿಲ್ಲ. ಪ್ರತಿ ಸಾಲಿಗೂ ಒಂದು ಕೆಲಸ ಕೊಡಿ. ಮೊದಲ ಎಂಟು ಬಾರಿನಲ್ಲಿ ಮೇಲಿನವರು ಏನೋ ಕೇಳುತ್ತಿದ್ದಾರೆ, ಕೆಳಗಿನವರು ತಲೆದೂಗುತ್ತಿದ್ದಾರೆ. 17ರಿಂದ ಕೆಳಗಿನವರು ಒಪ್ಪದೆ ತಡೆಯುತ್ತಿದ್ದಾರೆ. 21ರ ಓಟದಲ್ಲಿ ರೇಗುತ್ತಾರೆ. 25ರಲ್ಲಿ ಮೊದಲ ಟ್ಯೂನ್ ವಾಪಸ್ ಬಂದಾಗ ಇಬ್ಬರೂ ರಾಜಿ. ಇದು ಸ್ವಲ್ಪ ನಾಟಕ ಅನ್ನಿಸಬಹುದು. ಆದರೆ ‘ತಡೆ’ ಅಂದ ಕೂಡಲೇ ಕಮಾನಿಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ, ‘ಭಾವಪೂರ್ಣ’ ಅಂದರೆ ಗೊತ್ತಾಗುವುದಿಲ್ಲ.

ಕೆಳಗಿನ ಸಾಲಿನ ಆ ಕ್ವೇವರ್‌ಗಳನ್ನೇ ತೆಗೆದುಕೊಳ್ಳಿ. ಕಮಾನಿನ ತುದಿಯಲ್ಲಿ, ಕೂದಲು ತಂತಿ ಬಿಡದ ಹಾಗೆ, ಎರಡು ಬೆರಳಗಲ ಮಾತ್ರ ಬಳಸಿ ನುಡಿಸಿದರೆ ಪಿಸುಮಾತು. ಅವೇ ಸ್ವರ, ಅದೇ ಟೆಂಪೊ, ಕೈ ಹಿಡಿಯುವ ಕಡೆಗೆ ಬಂದು ಪ್ರತಿಯೊಂದನ್ನೂ ಸ್ವಲ್ಪ ಎತ್ತಿ ಬಿಟ್ಟರೆ ಕುಣಿತ. ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹತ್ತಿರ ಹೋದರೆ ಸದ್ದು ಚೂಪಾಗುತ್ತದೆ, ಫಿಂಗರ್‌ಬೋರ್ಡ್ ಕಡೆ ಸರಿದರೆ ಮಂಜು ಮಂಜು. ನಾನು ಮೊದಲ ಎಂಟು ಬಾರ್ ತುದಿಯಲ್ಲಿ ನುಡಿಸಿ, 17ಕ್ಕೆ ಕಮಾನಿನ ಮಧ್ಯಕ್ಕೆ ಬಂದು ಬ್ರಿಡ್ಜ್ ಕಡೆ ಒಂದಿಷ್ಟು ಸರಿಯುತ್ತೇನೆ. ಮೇಲಿನವರು ತಮ್ಮ ಟ್ಯೂನ್‌ನಲ್ಲಿ ಏನೂ ಬದಲಿಸುವುದಿಲ್ಲ. ಆದರೂ ಕೇಳಿದವರು ‘ಮಧ್ಯದಲ್ಲಿ ಮೊದಲ ವಯಲಿನ್ ಎಷ್ಟು ಆತಂಕದಿಂದ ನುಡಿಸಿದರು’ ಅನ್ನುತ್ತಾರೆ. ನಾನು ಸುಮ್ನೆ ನಗುತ್ತೇನೆ.

ವೈಬ್ರಾಟೊ ಬಗ್ಗೆ ಒಂದೇ ಮಾತು. ಇಬ್ಬರೂ ಧಾರಾಳವಾಗಿ ಮಾಡಿದರೆ ಆ ದುಂಬಿ ಓಡಿಹೋಗುತ್ತದೆ. ಕೆಳಗಿನವರು ಕಡಿಮೆ ಮಾಡಲಿ.

ನುಡಿಸುವ ದಿನ

ಟೆಂಪೊ, ಕೀ, ಮೂಡ್ ಮೂರನ್ನೂ ಬೇರೆ ಬೇರೆಯಾಗಿ ಹೇಳಿದೆ, ಆದರೆ ಕೂತಾಗ ಮೂರೂ ಒಂದನ್ನೊಂದು ಎಳೆಯುತ್ತವೆ. ಅದಕ್ಕೆ ಇಡೀ ಪೀಸ್ ಅನ್ನು ಬೇಕಂತಲೇ ಮೂರು ವೇಗದಲ್ಲಿ ನುಡಿಸಿ ನೋಡಿ, 66, 80, 96. ಒಂದು ಸಲಕ್ಕೆ ಒಂದೂಕಾಲು ನಿಮಿಷ ಆಚೀಚೆ, ಜಾಸ್ತಿ ಹೊತ್ತೇನೂ ಬೇಡ. 66ರಲ್ಲಿ ಮೊದಲ ಭಾಗ ನಿದ್ದೆ ಹೋಗುತ್ತದೆ, ಆದರೆ ಬಿ ಮೈನರ್ ಭಾಗ ಎಷ್ಟು ಚಂದ ಅಂತ ಆಗಲೇ ತಿಳಿಯುವುದು. 96ರಲ್ಲಿ ಶುರು ಗಾಳಿಪಟ, 21ರಲ್ಲಿ ದಾರ ಕಟ್. 80ಕ್ಕೆ ವಾಪಸ್ ಬಂದಾಗ ನಿಧಾನದಲ್ಲಿ ಕೇಳಿದ ಚಂದವನ್ನು ಅಲ್ಲಿ ಹೇಗೆ ಉಳಿಸಿಕೊಳ್ಳುವುದು ಅಂತ ಕೈ ತಾನೇ ಹುಡುಕುತ್ತದೆ. 17ನೇ ಬಾರಿನ ಮುಂಚೆ ಕೂದಲೆಳೆಯಷ್ಟು ತಡೆದರೆ ಸಾಕಾಗಬಹುದು, 78ಕ್ಕೆ ಇಳಿದರೂ ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಶುರು ಮಾಡುವ ಸನ್ನೆ ಮೇಲಿನವರು ಕೊಡಲಿ, ಆದರೆ ಆ ಉಸಿರು ಕೆಳಗಿನವರ ಕ್ವೇವರ್ ವೇಗದಲ್ಲಿರಬೇಕು. ಸನ್ನೆ ಕೊಡುವವರು ಮನಸ್ಸಿನಲ್ಲಿ ತಮ್ಮ ಟ್ಯೂನ್ ಬದಲು ಎರಡನೆಯವರ ಸಾಲು ಗುನುಗಿಕೊಂಡರೆ ಇದು ತಾನಾಗಿ ಆಗುತ್ತದೆ. ಅದಕ್ಕಾಗಿ ಅಭ್ಯಾಸದಲ್ಲಿ ಒಂದು ಸಲವಾದರೂ ಸಾಲು ಅದಲುಬದಲು ಮಾಡಿಕೊಂಡು ನುಡಿಸಿ. ನಮ್ಮ ಜೊತೆಗಾರರು ನನ್ನ 21ನೇ ಬಾರ್ ನುಡಿಸಿದ ದಿನದಿಂದ 96ರ ಮಾತೇ ಎತ್ತಿಲ್ಲ.

ಕೊನೆಯಲ್ಲಿ ನಿಧಾನ ಮಾಡುವುದಿದ್ದರೆ ಎಷ್ಟು ಅಂತ ತೀರ್ಮಾನಿಸುವವರು ಕೊನೆಯದಾಗಿ ಚಲಿಸುವ ಸ್ವರ ಹಿಡಿದವರು. ನಮ್ಮ ಪುಟದಲ್ಲಿ 31ನೇ ಬಾರಿನಲ್ಲಿ ಮೇಲೆ ಒಂದೇ ಉದ್ದ ಸ್ವರ, ಕೆಳಗೆ ಆರು ಕ್ವೇವರ್. ಮೇಲಿನವರು ಆ ಆರನ್ನೂ ಕೇಳುತ್ತಾ ಕಾಯಬೇಕು. 32ರಲ್ಲಿ ಕೆಳಗೆ ಖಾಲಿ ಡಿ, ಮೇಲೆ ಅದರ ಮೇಲಿನ ಸ್ಥಾಯಿಯ ಡಿ. ಇಬ್ಬರೂ ಒಟ್ಟಿಗೆ ಕಮಾನು ಎತ್ತಿ, ಎತ್ತಿದ ಮೇಲೆ ಕೈ ಗಾಳಿಯಲ್ಲೇ ಇರಲಿ. ತಂತಿಗಳು ಇನ್ನೂ ಒಂದೆರಡು ಸೆಕೆಂಡ್ ಗುನುಗುತ್ತವೆ, ಅದು ನಿಂತ ಮೇಲೆ ಇಳಿಸಿ.